ಜಲಜಾಕ್ಷಿ ಕೇಳಿದ ತೀರ್ಪು

ವಕೀಲರಿಗೆ ನಿವೃತ್ತಿ ಎಂಬುದಿಲ್ಲ. ಕಿವಿ ಮಂದವಾದ ಮೇಲೂ ಕರಿ ಕೋಟು ಹಾಕಿಕೊಂಡು ಬಾರ್ ರೂಮಿನ ಫ್ಯಾನಿನ ಕೆಳಗೆ ಪೇಪರು ಓದುತ್ತ ಕೂರುವ ಹಿರಿಯರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ನಾನು ಮಾತ್ರ ನನ್ನಷ್ಟಕ್ಕೆ ನಿವೃತ್ತಿ ತೆಗೆದುಕೊಂಡೆ. ಶಾಲು ಇಲ್ಲ, ಹಣ್ಣಿನ ಬುಟ್ಟಿ ಇಲ್ಲ, ಭಾಷಣ ಇಲ್ಲ. ಮಧ್ಯಸ್ಥಿಕೆ ಮಾಡುವ ವಕೀಲರ ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡಿ ಎಂದು ಹೇಳಿ, ಬಸ್ಸು ಹತ್ತಿ ಕುಂಬಳೆಗೆ ಬಂದೆ.

ಮೊನ್ನೆ ಹೊಸದಾಗಿ ಸನ್ನದು ಪಡೆದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಮಧ್ಯಸ್ಥಿಕೆಯ ತರಬೇತಿಗೆ ಹೆಸರು ಕೊಡುತ್ತಾರಂತೆ. "ಇನ್ನು ಅದಕ್ಕೇ ಭವಿಷ್ಯ ಅಲ್ವಾ ಮೇಡಂ? ಕಾನೂನೇ ಬಂದಾಯ್ತು. ಕೋರ್ಟಿಗಿಂತ ಮೊದಲೇ ಮೀಡಿಯೇಶನ್ ಅಂತ ಎಲ್ಲರೂ ಹೇಳ್ತಾರೆ. ಕೆಲಸ ಹೇಗುಂಟು, ಸ್ವಲ್ಪ ಹೇಳಿ" ಎಂದರು. ನಾನು ಹೇಳತೊಡಗಿದೆ. ಅವರ ಚಹಾ ಆರಿತು, ಮುಖವೂ ಆರಿತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋದರು. ಅರ್ಧಕ್ಕೆ ನಿಂತದ್ದನ್ನು ಈಗ ಬರೆಯುತ್ತಿದ್ದೇನೆ. ಇದನ್ನು ಓದಿ ಯಾರಾದರೂ ಹೆಸರು ಕೊಡದೆ ಹಿಂದೆ ಸರಿದರೆ ನನಗೆ ಬೇಸರವಿಲ್ಲ, ಕೊಟ್ಟರೂ ಬೇಡ ಎನ್ನುವವಳಲ್ಲ.

ಕೆಲಸ ಇಷ್ಟೇ. ಕೋರ್ಟಿನಲ್ಲಿ ಜಡ್ಜಿ ಎರಡೂ ಕಡೆ ಕೇಳಿ ಯಾರದು ಸರಿ, ಯಾರದು ತಪ್ಪು ಎಂದು ಹೇಳುತ್ತಾರೆ. ನಮ್ಮ ಕೋಣೆಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಇಬ್ಬರನ್ನೂ ಕೂರಿಸಿ, ಮಾತಾಡಿಸಿ, ಅವರೇ ಒಂದು ದಾರಿಗೆ ಬರುವ ಹಾಗೆ ಮಾಡಬೇಕು. ಬಂದರೆ ಬರೆದು ಸಹಿ ಹಾಕಿಸಿ ಕೋರ್ಟಿಗೆ ಕಳಿಸಬೇಕು. ಬಾರದಿದ್ದರೆ ಕೇಸು ಬಂದ ಹಾಗೆಯೇ ಹಿಂದೆ ಹೋಗುತ್ತದೆ. ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ನಡುವೆ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕರೆದು ಬಾಗಿಲು ಹಾಕಿ ಮಾತಾಡಿಸುವ ಕ್ರಮವೂ ಉಂಟು. ಆಗ ಒಬ್ಬರು ಹೇಳಿದ್ದನ್ನು, ಅವರ ಒಪ್ಪಿಗೆ ಇಲ್ಲದೆ, ಇನ್ನೊಬ್ಬರಿಗೂ ಹೇಳುವಂತಿಲ್ಲ. ಮುಂದೆ ಯಾವ ಕೋರ್ಟಿನಲ್ಲಿಯೂ ನನ್ನನ್ನು ಸಾಕ್ಷಿಗೆ ಕರೆಯುವಂತಿಲ್ಲ. ಈ ನಿಯಮವಿಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ, ಆದ್ದರಿಂದ ನಿಯಮ ಸರಿಯಾದದ್ದೇ. ಇದನ್ನು ನೆನಪಿಟ್ಟುಕೊಳ್ಳಿ, ನಾನು ಜಗಳ ಮಾಡುತ್ತಿರುವುದು ನಿಯಮ ತಪ್ಪು ಎಂದಲ್ಲ.

ತರಬೇತಿ ತೆಂಕು ಕಡೆಯ ಒಂದು ದೊಡ್ಡ ಊರಿನಲ್ಲಿ, ಇಂಗ್ಲಿಷಿನಲ್ಲಿ ನಡೆಯಿತು. ನಾಟಕ ಆಡಿಸುತ್ತಿದ್ದರು. ಒಬ್ಬ ವಕೀಲರು ಗಂಡ, ಇನ್ನೊಬ್ಬರು ಹೆಂಡತಿ, ನಾನು ಮಧ್ಯಸ್ಥೆ. ಗಂಡನಾಗಿದ್ದವರು ಎಷ್ಟು ಚೆನ್ನಾಗಿ ಮನಸ್ಸು ಬದಲಿಸುತ್ತಿದ್ದರೆಂದರೆ, ಊಟದ ಬೆಲ್ಲಿಗೆ ಸರಿಯಾಗಿ ರಾಜಿಯಾಗುತ್ತಿತ್ತು. ಮೇಜು ದುಂಡಗಿರಬೇಕು ಎಂದೂ ಕಲಿಸಿದರು, ಯಾರೂ ಎದುರಾಳಿ ಎಂದು ಅನಿಸಬಾರದಲ್ಲ. ನಮ್ಮ ಕೇಂದ್ರಕ್ಕೆ ದುಂಡು ಮೇಜು ಬಂತು. ಹಳೇ ಕಡತಗಳ ಕೋಣೆಯನ್ನು ಖಾಲಿ ಮಾಡಿ ನಮಗೆ ಕೊಟ್ಟಿದ್ದರು, ಅದರ ಬಾಗಿಲಲ್ಲಿ ಮೇಜು ಹಿಡಿಸಲಿಲ್ಲ. ಬಡಗಿ ಬಂದು ಎರಡು ತುಂಡು ಮಾಡಿ ಒಳಗೆ ಸಾಗಿಸಿ ಮತ್ತೆ ಜೋಡಿಸಿದ. ನಡುವೆ ಒಂದು ಗೆರೆ ಉಳಿಯಿತು. ಬಂದವರೆಲ್ಲ, ಯಾರೂ ಹೇಳದೆಯೇ, ಆ ಗೆರೆಯ ಆಚೆ ಈಚೆ ಕೂರುತ್ತಿದ್ದರು.

ಮೊದಲ ವರ್ಷಗಳಲ್ಲಿ ನನಗೆ ಹುರುಪಿತ್ತು, ಸುಳ್ಳು ಹೇಳುವುದಿಲ್ಲ. ನಾಯ್ಮಾರ್ಮೂಲೆಯ ಇಬ್ಬರು ಅಂಗಡಿಯವರ ಕೇಸು ನೆನಪಾಗುತ್ತದೆ. ಒಬ್ಬನದು ಚಪ್ಪಲಿ, ಇನ್ನೊಬ್ಬನದು ಮೊಬೈಲು. ಒಬ್ಬನ ಬೋರ್ಡು ಇನ್ನೊಬ್ಬನ ಬೋರ್ಡನ್ನು ಮುಚ್ಚುತ್ತದೆ ಎಂದು ತಕರಾರು. ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಅವರ ಮೇಲೆ ಪ್ರಯೋಗಿಸಿದೆ. "ನಿಮಗೆ ಹೇಗೆ ಅನಿಸುತ್ತದೆ?" ಎಂದು ಕೇಳಿದೆ. "ನಿಮ್ಮ ನಿಜವಾದ ಅಗತ್ಯ ಯಾವುದು?" ಎಂದು ಕೇಳಿದೆ. ಚಪ್ಪಲಿಯವನಿಗೆ ತಾಳ್ಮೆ ಕೆಟ್ಟು ಮೊಬೈಲಿನವನ ಕಡೆ ತಿರುಗಿ, "ಇವರು ಎಂತ ಕೇಳುದು ಮಾರಾಯ? ನಿನಗೆ ಅರ್ಥ ಆಗ್ತದಾ?" ಎಂದ. "ನನಗೂ ಇಲ್ಲ ಮಾರಾಯ. ನಡಿ, ಹೊರಗೆ ಒಂದು ಚಹಾ ಕುಡಿವ" ಎಂದು ಇವನು ಎದ್ದ. ವಾಪಸು ಬಂದಾಗ ಬೋರ್ಡಿನ ವಿಷಯ ಮುಗಿದಿತ್ತು. ಹೋಗುವಾಗ ಚಪ್ಪಲಿಯವನು, "ನಿಮ್ಮಿಂದ ಉಪಕಾರ ಆಯ್ತು ಮೇಡಂ" ಎಂದು ಕೈಮುಗಿದ. ನಾನು ಮಾಡಿದ ಮಧ್ಯಸ್ಥಿಕೆಗಳಲ್ಲಿ ಒಳ್ಳೆಯದು ಯಾವುದು ಎಂದು ಕೇಳಿದರೆ ಈಗಲೂ ಅದನ್ನೇ ಹೇಳುತ್ತೇನೆ.

ಆಮೇಲೆ ಬಂತು ಲೆಕ್ಕ ಕೇಳುವ ಕಾಲ. ಒಬ್ಬರು ನ್ಯಾಯಾಧೀಶರು ಬಂದರು. ಕೆಟ್ಟವರಲ್ಲ, ಒಳ್ಳೆಯ ಮನುಷ್ಯ. ವರಾಂಡದಲ್ಲಿ ಎದುರಾದರೆ ನಮಸ್ಕಾರಕ್ಕಿಂತ ಮೊದಲು "ಈ ತಿಂಗಳು ಎಷ್ಟಾಯಿತು?" ಎಂದು ಕೇಳುತ್ತಿದ್ದರು. ಎಷ್ಟು ರಾಜಿಯಾಯಿತು ಎಂದು ಅರ್ಥ. ಅವರನ್ನು ಮೇಲಿನವರು ಕೇಳುತ್ತಿದ್ದರು, ಅವರು ನಮ್ಮನ್ನು ಕೇಳುತ್ತಿದ್ದರು. ಎಷ್ಟು ಎಂದು ಕೇಳಿದರೇ ಹೊರತು ಹೇಗೆ ಎಂದು ಯಾರೂ ಕೇಳಿದ್ದು ನೆನಪಿಲ್ಲ. ಅಪಘಾತದ ಕೇಸು, ಚೆಕ್ಕಿನ ಕೇಸು, ಪಾಲಿನ ಕೇಸು, ಗಂಡ ಹೆಂಡಿರ ಕೇಸು, ಎಲ್ಲವೂ ನಮ್ಮ ಬಾಗಿಲಿಗೆ ಬರತೊಡಗಿದವು. ಆಸ್ಪತ್ರೆಯ ಟೋಕನಿನ ಹಾಗೆ ಜನ ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದರು. ಬಂದವರಿಗೂ ತಾವು ಯಾಕೆ ಬಂದಿದ್ದೇವೆ ಎಂದು ಗೊತ್ತಿರುತ್ತಿರಲಿಲ್ಲ. "ಜಡ್ಜಿ ಇಲ್ಲಿಗೆ ಹೋಗ್ಲಿಕ್ಕೆ ಹೇಳಿದ್ರು" ಎನ್ನುತ್ತಿದ್ದರು. ಸ್ವಂತ ಇಚ್ಛೆಯಿಂದ ಬಂದಿದ್ದೇವೆ ಎಂದು ಸಹಿ ಹಾಕುತ್ತಿದ್ದರು.

ಈಚೆಗೆ ಪರದೆಯ ಮೇಲೂ ಮಧ್ಯಸ್ಥಿಕೆ ಬಂದಿದೆ. ನಮ್ಮ ಜಿಲ್ಲೆಗೆ ಅದು ಬೇಕು, ಅರ್ಧ ಗಂಡಂದಿರು ಗಲ್ಫಿನಲ್ಲಿರುವಾಗ ಇಲ್ಲಿ ಯಾರನ್ನು ಕರೆಯುವುದು? ನೀರಿನ ಬಾಟಲಿಗೆ ಫೋನನ್ನು ಒರಗಿಸಿ ಹೆಂಡತಿಯ ಮುಂದಿಟ್ಟೆ ಒಮ್ಮೆ. ಆಚೆ ಗಂಡ ಮಂಚದ ಮೇಲೆ ಕೂತಿದ್ದ. ಮೇಲಿನ ಮಂಚದಿಂದ ಇಳಿಬಿಟ್ಟ ಬೇರೆ ಯಾರದೋ ಕಾಲು ಪರದೆಯಲ್ಲಿ ಕಾಣುತ್ತಿತ್ತು. ಗುಟ್ಟಿನ ಮಾತುಕತೆ ಎಂದು ನಾನು ನಿಯಮ ಓದಿ ಹೇಳಿದೆ. ಆ ಕಾಲು ಕೊನೆಯವರೆಗೂ ಆಡುತ್ತಲೇ ಇತ್ತು. ಹೆಂಡತಿ ಆ ಕಾಲನ್ನೇ ನೋಡುತ್ತಾ ಎಲ್ಲದಕ್ಕೂ ಹೂಂ ಎಂದಳು. ಅದೂ ಆ ತಿಂಗಳ ಲೆಕ್ಕಕ್ಕೆ ಸೇರಿತು.

ಇಷ್ಟಕ್ಕೇ ನಾನು ಬಿಟ್ಟು ಬರುತ್ತಿರಲಿಲ್ಲ. ಸಿಟ್ಟು ಮಾಡಿಕೊಂಡೇ ಇನ್ನೂ ಕೆಲವು ಕಾಲ ಕಳೆಯುತ್ತಿದ್ದೆ. ಬಿಟ್ಟದ್ದು ಜಲಜಾಕ್ಷಿಯಿಂದಾಗಿ.

ಜಲಜಾಕ್ಷಿ ಮದುಮಗಳನ್ನು ಸಿಂಗರಿಸುವವಳು. ಮುಳ್ಳೇರಿಯದ ಸುತ್ತುಮುತ್ತ ತುಳುವರ ಮನೆಗಳಲ್ಲಿ ಮದುವೆ ಎಂದರೆ ಅವಳು ಹಿಂದಿನ ದಿನವೇ ಬರಬೇಕು. ಮಲ್ಲಿಗೆಯ ಜಡೆ ಹೆಣೆಯುವುದು, ಸೀರೆಯ ನೆರಿಗೆ ಹಿಡಿಯುವುದು, ಒಡವೆ ಒಂದೊಂದಾಗಿ ತೊಡಿಸುವುದು, ಮುಹೂರ್ತ ಕಳೆದ ಮೇಲೆ ಒಂದೊಂದಾಗಿ ಬಿಚ್ಚಿ ಮನೆಯವರ ಕೈಗೆ ಕೊಡುವುದು ಅವಳ ಕೆಲಸ. ಬ್ಯೂಟಿ ಪಾರ್ಲರಿನವರು ಬಂದ ಮೇಲೂ ಹಳೆ ಮನೆಗಳವರು ಅವಳನ್ನೇ ಕರೆಯುತ್ತಿದ್ದರು. ಇಡೀ ಮನೆಯ ಚಿನ್ನ ಅವಳ ಕೈಮೇಲೆ ಹಾದುಹೋಗಬೇಕಲ್ಲ, ಗುರುತಿಲ್ಲದವರನ್ನು ಆ ಕೋಣೆಗೆ ಬಿಡುವುದು ಹೇಗೆ?

ಯಮುನಾ ಎಂಬವರ ಮನೆಯಲ್ಲಿ ಮಗಳ ಮದುವೆ. ದೊಡ್ಡ ಮನೆ, ರಬ್ಬರು, ಗೇರು, ಮುಳ್ಳೇರಿಯ ಪೇಟೆಯಲ್ಲಿ ಕಟ್ಟಡ. ಊಟದ ಹೊತ್ತಿಗೆ ಮದುಮಗಳ ಒಂದು ಹಳೇ ಸರ ಕಾಣಲಿಲ್ಲ. ಯಮುನಾ ಚಪ್ಪರದಲ್ಲಿ, ಬೀಗರ ಎದುರು, ಜಲಜಾಕ್ಷಿಯ ಚೀಲವನ್ನು ನೆಲಕ್ಕೆ ಮಗುಚಿದರು. ಬಾಚಣಿಗೆ, ಪಿನ್ನು, ಬಾಳೆನಾರು, ಮಗಳಿಗೆಂದು ಎಲೆಯಲ್ಲಿ ಕಟ್ಟಿಕೊಂಡಿದ್ದ ಹೋಳಿಗೆ ಹೊರಗೆ ಬಿತ್ತು. ಸರ ಇರಲಿಲ್ಲ. "ಎಲ್ಲಿಗೆ ದಾಟಿಸಿದ್ದು? ಹೇಳು ಕಳ್ಳಿ" ಎಂದು ಯಮುನಾ ಕೂಗಿದ್ದನ್ನು ಊಟಕ್ಕೆ ಕೂತ ಪಂಕ್ತಿಯೆಲ್ಲ ಕೇಳಿತು. ಪೊಲೀಸರಿಗೆ ಯಾರೂ ದೂರು ಕೊಡಲಿಲ್ಲ. ದೂರು ಕೊಟ್ಟಿದ್ದರೆ ತನಿಖೆಯಾದರೂ ಆಗುತ್ತಿತ್ತು. ಬಾಯಿಂದ ಬಾಯಿಗೆ ಹೋದದ್ದಕ್ಕೆ ತನಿಖೆ ಇಲ್ಲ. ಮುಂದಿನ ಮದುವೆಗೆ ಅವಳನ್ನು ಕರೆಯಲಿಲ್ಲ, ಅದರ ಮುಂದಿನದಕ್ಕೂ ಕರೆಯಲಿಲ್ಲ.

ಜಲಜಾಕ್ಷಿ ಮಾಡಿದ್ದು ನಮ್ಮ ಕಡೆಯ ಬಡ ಹೆಂಗಸರು ಸಾಮಾನ್ಯವಾಗಿ ಮಾಡದ ಕೆಲಸ. ಒಬ್ಬ ಎಳೆ ವಕೀಲನನ್ನು ಹಿಡಿದು, ಯಮುನಾ ತನ್ನ ಮಾನ ಕಳೆದರು ಎಂದು ಕೋರ್ಟಿನಲ್ಲಿ ಫಿರ್ಯಾದು ಹಾಕಿದಳು. ಪರಿಹಾರ ಬೇಡ, ಜೈಲೂ ಬೇಡ. ಕೋರ್ಟು ಅದನ್ನು ನಮ್ಮ ಕೋಣೆಗೆ ಕಳಿಸಿತು.

ನಮ್ಮ ಮಾತು ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ನಿಮಗೆ ಎಂತ ಆಗ್ಬೇಕು ಜಲಜಾಕ್ಷಿ?" ಎಂದು ಕೇಳಿದೆ.

"ನಾನು ತೆಗೀಲಿಲ್ಲ ಅಂತ ಜಡ್ಜಿ ಹೇಳ್ಬೇಕು."

"ಅವರು ಕ್ಷಮೆ ಕೇಳಿದ್ರೆ ಸಾಕಾಗುದಿಲ್ವಾ?"

"ಕ್ಷಮೆ ಯಾಕೆ ಮೇಡಂ? ಕ್ಷಮೆ ಅವರ ಹತ್ರವೇ ಇರ್ಲಿ. ಅವಳು ತೆಗೀಲಿಲ್ಲ ಅಂತ ದೊಡ್ಡವರ ಬಾಯಿಂದ ಒಂದು ಮಾತು ಬರ್ಬೇಕು. ಅಷ್ಟು ಬಂದ್ರೆ ನಾನು ಪುನಃ ಚೀಲ ತಕ್ಕೊಂಡು ಹೋಗ್ತೇನೆ."

ಕ್ರಮದಂತೆ ಅವಳನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ, ಯಮುನಾರನ್ನು ಒಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿದೆ. ಅವರು ಕೂತವರೇ ಅಳಲು ಸುರುಮಾಡಿದರು. ನೀರು ಕೊಟ್ಟೆ. ಇಲ್ಲಿ ಹೇಳಿದ್ದು ಇಲ್ಲಿಯೇ ಇರುತ್ತದೆ ಎಂದು ಹೇಳಿದೆ. ಅದನ್ನು ನಾವು ಎಷ್ಟು ಸಲ ಹೇಳುತ್ತೇವೆಂದರೆ, ಅರ್ಥ ಯೋಚಿಸುವುದೇ ಬಿಟ್ಟುಹೋಗಿರುತ್ತದೆ.

"ಸಿಕ್ಕಿದೆ ಮೇಡಂ" ಎಂದರು.

"ಎಂತ ಸಿಕ್ಕಿದ್ದು?"

"ಸರ. ಮುಹೂರ್ತ ಆದ್ಮೇಲೆ ನಾನು ಬದಲಿಸಿ ಮಡಚಿ ಇಟ್ಟ ಪಟ್ಟೆ ಸೀರೆಯನ್ನು ಗಾಳಿಗೆ ಹಾಕ್ಲಿಕ್ಕೆ ತೆಗ್ದಾಗ ಮಡಿಕೆಯಿಂದ ಬಿತ್ತು. ನಾನೇ ಅವಸರದಲ್ಲಿ ಮಗಳ ಕುತ್ತಿಗೆಯಿಂದ ಬಿಚ್ಚಿ ಅದರಲ್ಲಿ ಇಟ್ಟದ್ದು ಇರ್ಬೇಕು. ನೆನಪೇ ಇಲ್ಲ ನನಗೆ."

"ಮತ್ತೆ ಹೇಳ್ಬಹುದಿತ್ತಲ್ಲ?"

"ಹೇಗೆ ಹೇಳುದು? ಬೀಗರ ಎದುರು ಅಷ್ಟು ಕೂಗಾಡಿ ಆಗಿದೆ. ಈಗ ನನ್ನ ಸೀರೆಯಲ್ಲೇ ಇತ್ತು ಅಂದ್ರೆ ಮಗಳು ಆ ಮನೆಯಲ್ಲಿ ತಲೆ ಎತ್ತುದು ಹೇಗೆ? ನಿಮ್ಮ ಅಮ್ಮ ಹೀಗೆ ಅಂತ ದಿನಾ ಹೇಳಿಸಿಕೊಳ್ಬೇಕು ಅವಳು. ನನಗೆ ನಿದ್ದೆ ಇಲ್ಲ ಮೇಡಂ. ನಿಮ್ಮ ಹತ್ರ ಹೇಳಿ ಸ್ವಲ್ಪ ಹಗುರ ಆಯ್ತು."

ಅವರಿಗೆ ಹಗುರವಾಯಿತು. ಭಾರ ಎಲ್ಲಿಗೆ ಬಂತು ಎಂದು ನಾನು ಹೇಳಬೇಕಾಗಿಲ್ಲ. ಇದನ್ನು ಜಲಜಾಕ್ಷಿಗೆ ಹೇಳಬಹುದೇ ಎಂದು ಕೇಳಿದೆ. ಬೇಡ ಎಂದರು. ಅವಳೊಬ್ಬಳಿಗೆ ಮಾತ್ರ, ಈ ಕೋಣೆಯೊಳಗೆ, ಎಂದು ಮತ್ತೆ ಕೇಳಿದೆ. "ಬೇಡ ಮೇಡಂ, ನಿಮ್ಮ ಕಾಲು ಹಿಡೀತೇನೆ" ಎಂದರು. ಬೆದರಿಸುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಹೇಳಿದೆ, ಆದರೂ. ಮಗಳ ಮನೆಯವರು ಇವತ್ತಲ್ಲ ನಾಳೆ ಮರೆಯುತ್ತಾರೆ, ಈ ಹೆಂಗಸಿನ ಅನ್ನ ಹೋಗುತ್ತದೆ ಎಂದೆ. ಅವರು ತಲೆ ತಗ್ಗಿಸಿ ಬಳೆ ತಿರುಗಿಸುತ್ತ ಕೂತರು. ಆ ಮುಖದಲ್ಲಿ ಸೊಕ್ಕು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇದ್ದದ್ದು ಬರೇ ಹೆದರಿಕೆ.

ಬಾಗಿಲು ತೆರೆದು ಜಲಜಾಕ್ಷಿಯನ್ನು ಒಳಗೆ ಕರೆದಾಗ ಅವಳು ನೋಡಿದ್ದು ಯಮುನಾರನ್ನಲ್ಲ, ನನ್ನ ಮುಖವನ್ನು. ಮುಖದಲ್ಲಿ ಏನೂ ಕಾಣಿಸಬಾರದು ಎಂದು ನಮಗೆ ಕಲಿಸಿದ್ದಾರೆ. ನಾನು ಏನೂ ಕಾಣಗೊಡಲಿಲ್ಲ.

ಕೇಸು ಕೋರ್ಟಿಗೆ ಹಿಂದೆ ಹೋದರೆ ಏನಾಗುತ್ತಿತ್ತು? ವರ್ಷಗಟ್ಟಲೆ ನಡೆಯುತ್ತಿತ್ತು. ಯಮುನಾ ಸಾಕ್ಷಿಕಟ್ಟೆಗೆ ಹತ್ತಿ ತಾನು ಹಾಗೆ ಹೇಳಲೇ ಇಲ್ಲ ಎನ್ನುತ್ತಿದ್ದರು. ಊಟದ ಪಂಕ್ತಿಯಲ್ಲಿದ್ದವರು ದೊಡ್ಡ ಮನೆಯವರ ವಿರುದ್ಧ ಬಾಯಿ ತೆರೆಯುತ್ತಿರಲಿಲ್ಲ. ಇವಳ ಎಳೆ ವಕೀಲನಿಗೂ ಅದು ಗೊತ್ತಿತ್ತು. ಸರ ಸಿಕ್ಕಿದೆ ಎಂದು ಯಮುನಾರನ್ನು ಬಿಟ್ಟರೆ ಗೊತ್ತಿದ್ದವಳು ನಾನೊಬ್ಬಳೇ, ನನ್ನನ್ನು ಸಾಕ್ಷಿಗೆ ಕರೆಯುವಂತಿಲ್ಲ. ಆದ್ದರಿಂದ ಇದ್ದುದರಲ್ಲಿ ಏನಾದರೂ ಕೊಡಿಸಿ ಕಳಿಸೋಣ ಎಂದುಕೊಂಡೆ. ಎರಡೂ ಕಡೆಯ ವಕೀಲರು ಕೂತು ಮಲಯಾಳದಲ್ಲಿ ಒಂದು ವಾಕ್ಯ ಹೊಸೆದರು. ಉಭಯತ್ರರ ನಡುವೆ ತಪ್ಪು ತಿಳುವಳಿಕೆ ಉಂಟಾಗಿತ್ತು, ಅದು ಈಗ ನಿವಾರಣೆಯಾಗಿದೆ, ಯಾರ ಮೇಲೂ ಯಾರದೂ ಆರೋಪವಿಲ್ಲ. ಅದನ್ನು ಜಲಜಾಕ್ಷಿಗೆ ತುಳುವಿನಲ್ಲಿ ಹೇಳಿದೆ.

"ಇದರಲ್ಲಿ ನಾನು ತೆಗೀಲಿಲ್ಲ ಅಂತ ಉಂಟಾ?" ಎಂದು ಕೇಳಿದಳು.

"ನಿಮ್ಮ ಮೇಲೆ ಆರೋಪ ಇಲ್ಲ ಅಂತ ಉಂಟು."

"ಎರಡೂ ಒಂದೆಯಾ?"

ಅವಳ ವಕೀಲ, "ಒಂದೇ ಹಾಗೆಯೇ ಅಕ್ಕ" ಎಂದ. ನಾನು ಎರಡೂ ಒಂದಲ್ಲ ಎಂದೆ. ಇದು ರಾಜಿ, ಇದರಲ್ಲಿ ಯಾರು ಸರಿ ಎಂದು ಇರುವುದಿಲ್ಲ ಎಂದೂ ಹೇಳಿದೆ. ಅವಳು ಬಹಳ ಹೊತ್ತು ಮೇಜಿನ ಗೆರೆಯ ಮೇಲೆ ಉಗುರು ಓಡಿಸುತ್ತಿದ್ದಳು. "ಇದರ ನಂತರ ಜಡ್ಜಿ ಹತ್ರ ಹೋಗ್ಲಿಕ್ಕುಂಟಾ?" ಎಂದು ಕೇಳಿದಳು. ಉಂಟು, ಅವರ ಎದುರು ಒಮ್ಮೆ ನಿಂತರೆ ಕೇಸು ಮುಗಿಯುತ್ತದೆ ಎಂದೆ. ಅವಳ ಮುಖ ತಿಳಿಯಾಯಿತು. ಸಹಿ ಹಾಕಿದಳು. ಜಡ್ಜಿ ಎಂಬ ಶಬ್ದಕ್ಕೆ ಅವಳು ಸಹಿ ಹಾಕಿದ್ದು ಎಂದು ನನಗೆ ಆಗ ಹೊಳೆಯಲಿಲ್ಲ.

ಮಧ್ಯಸ್ಥರು ಕೋರ್ಟಿನ ಒಳಗೆ ಹೋಗುವ ಕ್ರಮವಿಲ್ಲ. ಅಲ್ಲಿ ನಡೆದದ್ದನ್ನು ಆಮೇಲೆ ಅವಳ ವಕೀಲ ಹೇಳಿದ. ನಮ್ಮ ಗಡಿ ಜಿಲ್ಲೆಯ ಕೋರ್ಟುಗಳಲ್ಲಿ ಮಾತುಕತೆ ಮಲಯಾಳದಲ್ಲಿ; ಹೊಸದಾಗಿ ಬಂದಿದ್ದ ಜಡ್ಜಿಗೆ ತುಳುವಾಗಲಿ ಕನ್ನಡವಾಗಲಿ ತಿಳಿಯದು. ಕಾಗದ ನೋಡಿ, ಇವಳನ್ನು ನೋಡಿ, ನಗುಮುಖದಿಂದಲೇ, "ಒತ್ತುತೀರ್ಪಾಯಿ, ಅಲ್ಲೇ?" ಎಂದು ಕೇಳಿದರು. ಇವಳು ಕೈಮುಗಿದು ಗಳಗಳ ಅತ್ತಳಂತೆ.

ಮಲಯಾಳದಲ್ಲಿ ಒತ್ತುತೀರ್ಪು ಎಂದರೆ ರಾಜಿ. ಅಲ್ಲಿ ಒತ್ತು ಎಂದರೆ ಒಂದಾಗಿ, ಕೂಡಿಕೊಂಡು. ಕೋರ್ಟಿನ ತೀರ್ಪಿಗೆ ಅವರು ವಿಧಿ ಎನ್ನುತ್ತಾರೆ. ಕನ್ನಡ ಶಾಲೆಯಲ್ಲಿ ಕಲಿತು, ಮನೆಯಲ್ಲಿ ತುಳು ಆಡಿ, ಪೇಟೆಗೆ ಬೇಕಾದಷ್ಟೇ ಮಲಯಾಳ ಇಟ್ಟುಕೊಂಡ ನಮ್ಮವರಿಗೆ ವಿಧಿ ಎಂದರೆ ಹಣೆಬರಹ, ತೀರ್ಪು ಎಂದರೆ ತೀರ್ಪು. ಈ ಶಬ್ದಕ್ಕೆ ಎಡವಿದವರನ್ನು ನಾನು ಬೇರೆಯೂ ಕಂಡಿದ್ದೇನೆ, ಬಾರ್ ರೂಮಿನಲ್ಲಿ ಅದೊಂದು ನಗೆಯ ವಿಷಯ. ಜಲಜಾಕ್ಷಿ ಒತ್ತುತೀರ್ಪು ಎಂಬುದನ್ನು ಮುದ್ರೆ ಒತ್ತಿದ ತೀರ್ಪು ಎಂದು ತಿಳಿದಳು. ಕಾಗದದ ಮೇಲೆ ಕೋರ್ಟಿನ ಸೀಲೂ ಇತ್ತಲ್ಲ. ಜಡ್ಜಿಯ ಬಾಯಿಂದಲೇ ಕೇಳಿದ್ದಾಗಿತ್ತು, ಎಲ್ಲರ ಎದುರು ಕೇಳಿದ್ದಾಗಿತ್ತು. ಅವಳು ಆಸೆಪಟ್ಟದ್ದು ಅದನ್ನೇ.

ಮುಳ್ಳೇರಿಯದಲ್ಲಿ ಬಸ್ಸಿನಿಂದ ಇಳಿದವಳು ಮನೆಗೆ ಹೋಗದೆ ಪೇಟೆಯಲ್ಲಿ ಗುರುತಿನವರೆಲ್ಲರ ಬಳಿ ನಿಂತು, "ತೀರ್ಪು ಆಯ್ತು, ನಾನು ತೆಗೀಲಿಲ್ಲ ಅಂತ ತೀರ್ಪು ಆಯ್ತು" ಎಂದು ಹೇಳಿದಳು. ಮೊದಲು ಕರೆಯುತ್ತಿದ್ದ ಮನೆಗಳಿಗೂ ಹೋಗಿ ಹೇಳಿದಳು. ಕೆಲವರು ನಂಬಿದರು. ಒಂದು ಮನೆಯವರು ಮುಂದಿನ ಮದುವೆಗೆ ಬಾ ಎಂದೂ ಹೇಳಿದರಂತೆ. ಆ ಮನೆಯಲ್ಲಿ ಮಲಯಾಳ ಓದು ಬಲ್ಲವರೊಬ್ಬರು ಕಾಗದ ತರಲು ಹೇಳಿ ಓದಿ ನೋಡಿದರು. "ಇದರಲ್ಲಿ ಎಲ್ಲಿ ಉಂಟು ನೀನು ತೆಗೀಲಿಲ್ಲ ಅಂತ? ಇದು ರಾಜಿ ಮಾಡಿಕೊಂಡದ್ದು ಮಾರಾಯ್ತಿ" ಎಂದರು.

ಅಲ್ಲಿಂದ ಮೇಲೆ ಅವಳ ಸ್ಥಿತಿ ಮೊದಲಿಗಿಂತ ಕೆಟ್ಟಿತು. ಮೊದಲು ಅವಳ ಮೇಲೆ ಇದ್ದದ್ದು ಸಂಶಯ. ಈಗ ಜನರಿಗೆ ಕಾರಣವೂ ಸಿಕ್ಕಿತು. ತೆಗೆಯದಿದ್ದರೆ ರಾಜಿಗೆ ಯಾಕೆ ಹೋದಳು? ರಾಜಿಯಾದದ್ದನ್ನು ತೀರ್ಪು ಎಂದು ಯಾಕೆ ಸುಳ್ಳು ಹೇಳಿದಳು? ಸುಳ್ಳು ಹೇಳುವವಳು ಇನ್ನೊಂದು ಮಾಡದೆ ಇರುತ್ತಾಳೆಯೇ? ಈ ಪ್ರಶ್ನೆಗಳಿಗೆ ಉತ್ತರ ಇದ್ದದ್ದು ಯಮುನಾರ ಬಳಿ ಮತ್ತು ನನ್ನ ಬಳಿ.

ನಾನು ಯಮುನಾರಿಗೆ ಫೋನು ಮಾಡಿದೆ. ಮಾಡಬಾರದು, ಗೊತ್ತಿದ್ದೇ ಮಾಡಿದೆ. ಈಗಲಾದರೂ ನೀವಾಗಿ ಹೇಳಿ ಎಂದೆ. "ಕೇಸು ಮುಗೀತಲ್ವಾ ಮೇಡಂ" ಎಂದು ಮೆಲ್ಲನೆ ಹೇಳಿ ಇಟ್ಟರು. ಕೇಂದ್ರದ ಹಿರಿಯರೊಬ್ಬರ ಬಳಿ, ಹೆಸರು ಹೇಳದೆ, ಹೀಗಾದರೆ ಏನು ಮಾಡುವುದು ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಸೆಟ್ಲ್ ಆಯಿತಲ್ಲ? ಮತ್ತೆ ಅದರಲ್ಲಿ ಏನುಂಟು?" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಿಜವಾಗಿಯೂ ಅದರಲ್ಲಿ ಇನ್ನೇನೂ ಇರಲಿಲ್ಲ. ಆ ತಿಂಗಳ ಲೆಕ್ಕದಲ್ಲಿ ಜಲಜಾಕ್ಷಿಯೂ ಸೇರಿ ಹೋಗಿದ್ದಳು. ಕೆಲವು ದಿನ ಕಳೆದು ನನ್ನ ಹೆಸರು ತೆಗೆಸಿದೆ.

ಹುಡುಗಿಯರೇ, ನೀವು ಹೋದ ಮೇಲೆ ನನಗೆ ಅನಿಸಿತು. ನಾನು ಹೇಳಬೇಕಾದದ್ದು ಒಂದೇ ಇತ್ತು, ಅದನ್ನು ಬಿಟ್ಟು ಮೇಜು, ಬೋರ್ಡು, ಫೋನು ಎಂದು ಊರೆಲ್ಲ ಸುತ್ತಿದೆ. ರಾಜಿ ಒಳ್ಳೆಯದೇ. ಬೋರ್ಡಿನ ಜಗಳಕ್ಕೆ, ಪಾಲಿಗೆ, ಗುದ್ದಿದ ಸ್ಕೂಟರಿಗೆ ರಾಜಿ ಸಾಕು. ಆದರೆ ಕೆಲವರು ಕೋರ್ಟಿಗೆ ಬರುವುದು ಏನನ್ನೂ ತೆಗೆದುಕೊಂಡು ಹೋಗಲಿಕ್ಕಲ್ಲ. ನಡೆದದ್ದು ಇದು ಎಂದು ಯಾರಾದರೂ ಗಟ್ಟಿಯಾಗಿ ಹೇಳಲಿ ಎಂದು ಬರುತ್ತಾರೆ. ಅಂಥವರನ್ನು ನಮ್ಮ ಕೋಣೆಗೆ ಕಳಿಸಬಾರದು. ಕಳಿಸುತ್ತಾರೆ, ಇನ್ನು ಮುಂದೆ ಹೆಚ್ಚು ಕಳಿಸುತ್ತಾರೆ. ಅದನ್ನು ನೀವಾಗಲಿ ನಾನಾಗಲಿ ತಡೆಯಲಾರೆವು. ಸಮಾಧಾನದ ಮಾತೊಂದನ್ನು ಇಲ್ಲಿ ಬರೆಯಬೇಕೆಂದು ಬಹಳ ಯೋಚಿಸಿದೆ, ಬರಲಿಲ್ಲ.

ಹೋದ ತಿಂಗಳು ಕುಂಬಳೆ ಸ್ಟೇಷನ್ನಿನಲ್ಲಿ ಅವಳನ್ನು ಕಂಡೆ. ಮಂಗಳೂರಿಗೆ ಹೋಗುವ ಬೆಳಗಿನ ಗಾಡಿಗೆ ಕಾಯುತ್ತಿದ್ದಳು. ಮುಳ್ಳೇರಿಯ ಬಿಟ್ಟು ಈ ಕಡೆ ಅಕ್ಕನ ಮನೆಗೆ ಬಂದಿದ್ದಾಳಂತೆ. ಮಂಗಳೂರಿನ ಒಂದು ಹೂವಿನ ಅಂಗಡಿಯ ಹಿಂದುಗಡೆ ಕೂತು ಮೊಳದ ಲೆಕ್ಕದಲ್ಲಿ ಮಲ್ಲಿಗೆ ಕಟ್ಟುವ ಕೆಲಸ. "ಯಾರ ತಲೆಗೆ ಹೋಗ್ತದೆ ಅಂತ ಗೊತ್ತಾಗುದಿಲ್ಲ ಮೇಡಂ. ಒಳ್ಳೇದೇ ಆಯ್ತು" ಎಂದಳು. ನಾನು ಪಕ್ಕದಲ್ಲಿ ಕೂತೆ. ಮಗಳು ಹೇಗಿದ್ದಾಳೆ ಎಂದು ಕೇಳಿದೆ, ಮಳೆಯ ವಿಷಯ ಮಾತಾಡಿದೆವು.

"ಒಂದು ಕೇಳ್ಲಾ?" ಎಂದಳು.

"ಕೇಳಿ."

"ಅವತ್ತು ನನ್ನನ್ನು ಹೊರಗೆ ಕೂರಿಸಿ ಅವರೊಟ್ಟಿಗೆ ಒಳಗೆ ಮಾತಾಡಿದ್ರಲ್ಲ. ಎಂತ ಹೇಳಿದ್ದು ಅವರು?"

"ಅದು ಹೇಳ್ಲಿಕ್ಕೆ ಬರುದಿಲ್ಲ ಜಲಜಾಕ್ಷಿ. ನೀವು ಹೇಳಿದ್ದನ್ನೂ ಅವರಿಗೆ ಹೇಳ್ಲಿಕ್ಕೆ ಬರುದಿಲ್ಲ."

"ಸರಿ, ಅದು ಬೇಡ. ನಾನು ತೆಗೀಲಿಲ್ಲ ಅಂತ ನಿಮಗೆ..."

"ನಂಬ್ತೇನೆ" ಎಂದು ಅವಳು ಮುಗಿಸುವ ಮೊದಲೇ ಹೇಳಿದೆ. ಅಷ್ಟು ಹೇಳಬಹುದು ಎಂದು ಆ ಕ್ಷಣಕ್ಕೆ ಅನಿಸಿತು.

ಅವಳು ತಲೆಯಾಡಿಸಿದಳು. "ನಂಬುವವರು ಇದ್ದಾರೆ ಮೇಡಂ. ನನ್ನ ಅಕ್ಕ ನಂಬ್ತಾಳೆ, ಮಗಳು ನಂಬ್ತಾಳೆ. ನಾನು ಕೇಳಿದ್ದು ನಂಬ್ತೀರಾ ಅಂತ ಅಲ್ಲ. ನಿಮಗೆ ಗೊತ್ತುಂಟಾ ಅಂತ."

ಗೊತ್ತುಂಟು ಎಂದರೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಒಂದೇ ಉತ್ತರ. ಆ ಉತ್ತರ ಹೊರಬಿದ್ದರೆ ಇವತ್ತೇ ಮುಳ್ಳೇರಿಯಕ್ಕೆ ಹೋಗುತ್ತದೆ, ಹೋಗಲೇಬೇಕು, ಅವಳು ಅದನ್ನು ಬಚ್ಚಿಟ್ಟುಕೊಂಡು ಏನು ಮಾಡುತ್ತಾಳೆ? ಇನ್ನೊಬ್ಬಳು ತಾಯಿ ನನ್ನ ಮಾತು ನಂಬಿ ಬಾಯಿ ಬಿಟ್ಟಿದ್ದಾಳೆ. ಇಷ್ಟನ್ನೂ ಯೋಚಿಸುವಷ್ಟರಲ್ಲಿ ಗಾಡಿ ಬಂದು ನಿಂತಿತು.

ಜಲಜಾಕ್ಷಿ ಚೀಲ ತೆಗೆದುಕೊಂಡು ಎದ್ದಳು. ಸಿಟ್ಟು ಮಾಡಲಿಲ್ಲ. "ಆಯ್ತು ಮೇಡಂ. ನಿಮಗೂ ಸಂಶಯ ಉಂಟು" ಎಂದಳು. ಹೆಂಗಸರ ಡಬ್ಬಿಗೆ ಹತ್ತಿ, ಕಿಟಕಿಯ ಪಕ್ಕ ಕೂತು, ಆ ಕಡೆ ಮುಖ ಮಾಡಿಕೊಂಡಳು.

ಇಲ್ಲಿ ಬರೆದ ಹೆಸರುಗಳು ನಿಜವಾದವಲ್ಲ. ಊರು, ಮನೆ, ಸಂಬಂಧ, ಕಳೆದದ್ದು, ಸಿಕ್ಕಿದ್ದು ಎಲ್ಲವನ್ನೂ ಬದಲಿಸಿದ್ದೇನೆ. ಅವಳ ಕೆಲಸವೂ ಇದಲ್ಲ. ಅವಳೇ ಇದನ್ನು ಓದಿದರೂ ಪಾಪ ಯಾರೋ ಎಂದುಕೊಂಡು ಪುಟ ಮಗುಚುತ್ತಾಳೆ. ಅವಳು ತೆಗೆಯಲಿಲ್ಲ ಎಂದು ಕೊನೆಗೂ ಊರಿಗೆಲ್ಲ ಕೇಳುವ ಹಾಗೆ ಹೇಳಿದ್ದೇನೆ. ಯಾರು ಎಂದು ಮಾತ್ರ ಹೇಳಿಲ್ಲ.